ಬೇಲಿ ಕಂಬಕ್ಕೆ ಎಷ್ಟು ಆಳ? ಫಿಲಡೆಲ್ಫಿಯದ ಮೇಯರ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,

ವಿಷಯ: ವೆಕ್ಕಾಕೊ ಆಟದ ಮೈದಾನದ ಅಡಿಯಲ್ಲಿರುವ ಮದರ್ ಬೆಥೆಲ್ ಚರ್ಚಿನ ಸ್ಮಶಾನದಲ್ಲಿ ನೆಲ ಅಗೆಯುವ ಕೆಲಸಕ್ಕೆ ಲಿಖಿತ ನಿಯಮ ಬೇಕೆಂಬ ಬಗ್ಗೆ.

ಕ್ವೀನ್ ಬೀದಿಗೂ ಕ್ಯಾಥರೀನ್ ಬೀದಿಗೂ ನಡುವಿನ ಈ ಮೈದಾನಕ್ಕೆ ನಾಳೆ ಹೊಸ ಬೇಲಿ ಹಾಕಬೇಕಾಯಿತು ಎಂದಿಟ್ಟುಕೊಳ್ಳಿ. ಗುತ್ತಿಗೆದಾರ ಕಂಬದ ಗುಣಿ ಎಷ್ಟು ಆಳ ತೋಡುತ್ತಾನೆ? ಈ ಊರಿನ ಚಳಿಗಾಲದಲ್ಲಿ ಮಣ್ಣಿನ ತೇವ ಹೆಪ್ಪುಗಟ್ಟಿ, ಉಬ್ಬಿ, ಕಂಬವನ್ನು ಮೇಲಕ್ಕೆ ಎತ್ತಿಬಿಡುತ್ತದೆ. ಹಾಗಾಗಬಾರದೆಂದು ಪಾಯವನ್ನು ಸುಮಾರು 3 ಅಡಿಗೆ ಇಳಿಸುವುದು ಇಲ್ಲಿನ ರೂಢಿ. ಅವನು ಅಷ್ಟೇ ತೋಡುತ್ತಾನೆ. ಅವನ ತಪ್ಪೇನೂ ಇಲ್ಲ. ಆದರೆ ಮೈದಾನದ ಒಂದು ಭಾಗದ ಕೆಳಗೆ, ಕೆಲವೇ ಅಡಿ ಆಳದಲ್ಲಿ, 5,000ಕ್ಕೂ ಹೆಚ್ಚು ಆಫ್ರಿಕನ್ ಅಮೆರಿಕನ್ನರನ್ನು ಹೂಳಲಾಗಿದೆ ಎಂಬುದು ಸಂಶೋಧಕರ ಅಂದಾಜು. ಈ ನೆಲಕ್ಕೆ ನಿಜವಾದ ಅಪಾಯ ಬರುವುದು ದೊಡ್ಡ ಬಿಲ್ಡರುಗಳಿಂದಲ್ಲ, ಇಂಥ ಸಣ್ಣಪುಟ್ಟ ರಿಪೇರಿಗಳಿಂದ.

ಈ ಪತ್ರದ ಇಂಗ್ಲಿಷ್ ಪ್ರತಿ ನಿಮ್ಮ ಕಚೇರಿಗೆ ಬಂದಿದೆ. ಕನ್ನಡದಲ್ಲೂ ಪ್ರಕಟಿಸುತ್ತಿರುವುದಕ್ಕೆ ಕಾರಣ ಸರಳ: ಈ ಊರಿನಲ್ಲಿ ತೆರಿಗೆ ಕಟ್ಟುವವರಲ್ಲಿ, ಸಂಜೆ ಮಕ್ಕಳನ್ನು ಉಯ್ಯಾಲೆಗೆ ಕರೆದೊಯ್ಯುವವರಲ್ಲಿ ಕನ್ನಡಿಗರೂ ಇದ್ದಾರೆ.

ಈ ಸ್ಮಶಾನ ಮೈದಾನವಾದದ್ದು ಹೇಗೆಂದು ಮೊದಲು ಹೇಳಬೇಕು, ಏಕೆಂದರೆ ‘ಮರೆತುಹೋದ ಸ್ಮಶಾನ’ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದು ಅರ್ಧ ಸತ್ಯ. ಗುಲಾಮನಾಗಿ ಹುಟ್ಟಿ, ತನ್ನ ಬಿಡುಗಡೆಯನ್ನು ತಾನೇ ದುಡ್ಡು ಕೊಟ್ಟು ಪಡೆದ ರಿಚರ್ಡ್ ಅಲೆನ್ 1794ರಲ್ಲಿ ಬೆಥೆಲ್ ಚರ್ಚನ್ನು ಕಟ್ಟಿದರು. ಆಗ ಕಪ್ಪುಜನರ ಹೆಣಗಳಿಗೆ ಸಿಗುತ್ತಿದ್ದ ಜಾಗವೆಂದರೆ ಹೆಚ್ಚಾಗಿ ಊರಿನ ಬಡವರ, ಪರದೇಶಿಗಳ ಹೂಳುನೆಲ, ಅಂದರೆ ಇಂದಿನ ವಾಷಿಂಗ್ಟನ್ ಸ್ಕ್ವೇರ್. ಅಲೆನ್ ಮತ್ತು ಚರ್ಚಿನ ಟ್ರಸ್ಟಿಗಳು 1810ರಲ್ಲಿ ಕ್ವೀನ್ ಬೀದಿಯಲ್ಲಿ ಸ್ವಂತ ಜಾಗ ಕೊಂಡರು. ಆಗ ಅದು ಸೌತ್‌ವಾರ್ಕ್‌ಗೆ ಸೇರಿದ್ದು. ನಗರದ ಎಲ್ಲೆಯೊಳಗೆ ಬಂದದ್ದು 1854ರಲ್ಲಿ. 1864ರವರೆಗೆ ಅಲ್ಲಿ ಹೂಳಿದರು. 54 ವರ್ಷಕ್ಕೆ 5,000 ಎಂದರೆ ವರ್ಷಕ್ಕೆ 90ರ ಮೇಲಾಯಿತು. ಸಣ್ಣ ತುಂಡು ನೆಲ. ಒಂದರ ಮೇಲೊಂದು ಹೂಳದೆ ಬೇರೆ ದಾರಿಯಿರಲಿಲ್ಲ.

ಅಮೆರಿಕದ ಸಂಸತ್ ಭವನ ಕಟ್ಟುವ ಕೆಲಸಕ್ಕೆ ಗುಲಾಮನಾಗಿ ಬಾಡಿಗೆಗೆ ಹೋಗಿದ್ದ ಇಗ್ನೇಷಿಯಸ್ ಬೆಕ್ ಇಲ್ಲಿದ್ದಾರೆ. ಮಡಿವಾಳಗಿತ್ತಿಯರು, ಹಡಗುಕಟ್ಟೆಯ ಕೂಲಿಗಳು ಇದ್ದಾರೆ. ಲೆಕ್ಕವಿಲ್ಲದಷ್ಟು ಕೂಸುಗಳಿವೆ.

ಹೂಳುವುದು ನಿಂತ ಐದು ವರ್ಷಕ್ಕೆ, 1869ರಲ್ಲಿ, ಜಾಗವನ್ನು ಸಕ್ಕರೆ ಕಾರ್ಖಾನೆಯವರೊಬ್ಬರಿಗೆ ಭೋಗ್ಯಕ್ಕೆ ಕೊಡಲಾಯಿತು. ಸಮಾಧಿಗಳ ಮೇಲೆ ಗೋದಾಮು ಅಂಗಳದ ಸರಕು ಬಂದು ಕೂತಿತು. 1889ರಲ್ಲಿ ಆರನೇ ಬೀದಿ ಮತ್ತು ಲೊಂಬಾರ್ಡ್ ಬೀದಿಯ ಮೂಲೆಯಲ್ಲಿ ಹೊಸ ಚರ್ಚು ಏಳುತ್ತಿತ್ತು, ಹಣ ಬೇಕಿತ್ತು. ಚರ್ಚು ಮಾರಿತು, ನಗರ ಕೊಂಡಿತು. ಮೊದಲು ಉದ್ಯಾನ, ಆಮೇಲೆ ಆಟದ ಮೈದಾನ. ಮಾರಾಟದ ಪತ್ರ ನಿಮ್ಮ ನಗರದ ಹೆಸರಿನಲ್ಲೇ ಇದೆ. ಹಾಗಿರುವಾಗ ಮರೆತರು ಎನ್ನುವುದಕ್ಕಿಂತ, ಒಂದು ಇಲಾಖೆಯ ಕಡತದಿಂದ ಇನ್ನೊಂದರ ಕಡತಕ್ಕೆ ಹೋಗುವಾಗ ‘ಸ್ಮಶಾನ’ ಎಂಬ ಪದ ಬಿದ್ದುಹೋಯಿತು ಎನ್ನುವುದು ಸರಿ. ಅದನ್ನು ಮತ್ತೆ ಬರೆಯುವುದು ನಗರದ ಕೈಯಲ್ಲೇ ಇದೆ.

2013ರಲ್ಲಿ ಮೈದಾನದ ನವೀಕರಣದ ಮಾತು ಬಂದಾಗ ಪುರಾತತ್ವಜ್ಞರು ಪರೀಕ್ಷಾ ಕಂದಕ ತೋಡಿದರು. ಗೋರಿಕಲ್ಲೊಂದು ಸಿಕ್ಕಿತು: ಅಮೀಲಿಯಾ ಬ್ರೌನ್, 1819, ವಯಸ್ಸು 26. ಕೆಳಗೆ ಯೋಹಾನನ ಸುವಾರ್ತೆಯ ನೆನಪು ತರುವ ಒಂದು ಸಾಲು. ಕಲ್ಲು ನೆಡಿಸುವ ಶಕ್ತಿ ಇದ್ದವರು ಕಡಿಮೆ, ಹಾಗಾಗಿ ಕಲ್ಲು ಹುಡುಕಿಕೊಂಡು ಸಮಾಧಿ ಗುರುತಿಸಲು ಹೊರಟರೆ ಕೆಲಸವಾಗುವುದಿಲ್ಲ.

ರೇಡಾರ್ ತಳ್ಳಿಸಿದರೆ ಸಾಕಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ನೆಲದಾಳದ ರೇಡಾರ್ ಮೂಳೆ ತೋರಿಸುವ ಎಕ್ಸ್‌ರೇ ಅಲ್ಲ. ಮಣ್ಣು ಒಮ್ಮೆ ಕದಡಿದ್ದರೆ, ಪೆಟ್ಟಿಗೆಯ ಜಾಗ ಪೊಳ್ಳಾಗಿದ್ದರೆ, ಅದು ನೆಲಕ್ಕೆ ಬಿಟ್ಟ ರೇಡಿಯೊ ಅಲೆ ಅಲ್ಲಿಂದ ಬೇರೆ ರೀತಿ ಮರಳುತ್ತದೆ. ಪರದೆಯ ಮೇಲೆ ಮಗುಚಿಟ್ಟ ಬಟ್ಟಲಿನಂಥ ಗೆರೆ ಮೂಡುತ್ತದೆ. ಜೇಡಿಮಣ್ಣು ಹಸಿಯಾಗಿದ್ದರೆ ಅಲೆಯನ್ನು ನುಂಗಿಬಿಡುತ್ತದೆ. ಹಳೇ ಊರಿನ ತುಂಬುಮಣ್ಣಿನಲ್ಲಿ ಇಟ್ಟಿಗೆ ಚೂರು, ಕಲ್ಲಿದ್ದಲ ಬೂದಿ, ಹಳೇ ಪೈಪು ಎಲ್ಲವೂ ತಲಾ ಒಂದು ಗೆರೆ ಎಬ್ಬಿಸುತ್ತವೆ. ಸಾಮಾನ್ಯವಾಗಿ ಬಳಸುವ 400 ಮೆಗಾಹರ್ಟ್ಸ್ ಆಂಟೆನಾವನ್ನು ಅರ್ಧ ಮೀಟರಿಗೊಂದು ಸಾಲಿನಂತೆ ಎಳೆದರೆ, ಎರಡು ಸಾಲಿನ ನಡುವೆ ಕೂಸಿನ ಸಮಾಧಿಯೊಂದು ಆರಾಮವಾಗಿ ತಪ್ಪಿಸಿಕೊಳ್ಳುತ್ತದೆ. ಕ್ರೈಸ್ತರು ತಲೆಯನ್ನು ಪಶ್ಚಿಮಕ್ಕೆ ಇಟ್ಟು ಹೂಳುವುದು ವಾಡಿಕೆಯಾದ್ದರಿಂದ ಸಾಲುಗಳನ್ನು ಸಮಾಧಿಗಳಿಗೆ ಅಡ್ಡಲಾಗಿ, ಅಂದರೆ ಉತ್ತರ-ದಕ್ಷಿಣವಾಗಿ, ಕಾಲು ಮೀಟರ್ ಅಂತರದಲ್ಲಿ ಎಳೆಯಬೇಕು. ಅಷ್ಟಾದ ಮೇಲೂ ಸಮಾಧಿಯ ಮೇಲೆ ಸಮಾಧಿ ಇರುವ ಕಡೆ ಚಿತ್ರ ಕಲಸಿಹೋಗುತ್ತದೆ. ರೇಡಾರಿನಲ್ಲಿ ಏನೂ ಕಾಣಲಿಲ್ಲ ಎಂದರೆ ಅಲ್ಲಿ ಏನೂ ಇಲ್ಲ ಎಂದಲ್ಲ. ಈ ಒಂದು ವಾಕ್ಯವನ್ನು ಟೆಂಡರಿನಲ್ಲೇ ಅಚ್ಚು ಹಾಕಿಸಿ.

ಖಚಿತಪಡಿಸಿಕೊಳ್ಳಲೇಬೇಕಾದರೆ ಹಲ್ಲಿಲ್ಲದ ಬಕೆಟ್ಟಿನ ಜೆಸಿಬಿಯಿಂದ ಮೇಲ್ಮಣ್ಣನ್ನು ಒಂದೆರಡು ಅಂಗುಲದಂತೆ ಕೆರೆಯಬೇಕು, ಪುರಾತತ್ವಜ್ಞರು ಪಕ್ಕದಲ್ಲೇ ನಿಂತಿರಬೇಕು. ಹಲ್ಲಿನ ಬಕೆಟ್ ನೆಲವನ್ನು ಉತ್ತುಹಾಕುತ್ತದೆ, ಗುರುತು ಅಳಿಸುತ್ತದೆ. ಮಣ್ಣಿನಲ್ಲಿ ಬಣ್ಣ ಬೆರೆತ ಉದ್ದನೆಯ ಚೌಕ ಕಂಡೊಡನೆ ಯಂತ್ರ ನಿಲ್ಲಬೇಕು. ಅದೇ ಸಮಾಧಿ ಗುಣಿಯ ಬಾಯಿ. ಕೆಳಗೆ ಇಳಿದರೆ ಕೊಳೆತ ಮರದ ಕಪ್ಪು ಗೆರೆ, ತುಕ್ಕು ಮೊಳೆಗಳ ಸಾಲು ಸಿಗುತ್ತದೆ, ಇಳಿಯುವುದು ಬೇಡ. ಅಳತೆ ತೆಗೆದು, ಬಟ್ಟೆಯಂಥ ಜಿಯೊಟೆಕ್ಸ್‌ಟೈಲ್ ಹಾಸಿ, ಮೇಲೆ ಶುದ್ಧ ಮರಳು ತುಂಬಿ ಮುಚ್ಚಿಬಿಡಬೇಕು. ಮುಂದೆ ಯಾರಾದರೂ ಅಗೆದರೆ ಆ ಬಟ್ಟೆಯೇ ಎಚ್ಚರಿಕೆ.

ಇನ್ನು ಬೇಲಿ, ದೀಪದ ಕಂಬ, ಜಾರುಬಂಡಿ. ಇವ್ಯಾವುದಕ್ಕೂ ಗುಣಿ ತೋಡಲೇಬೇಕೆಂದಿಲ್ಲ. ನೆಲದ ಮೇಲೆಯೇ ಅಗಲವಾದ ಕಾಂಕ್ರೀಟ್ ಹಲಗೆ ಎರೆದು ಅದಕ್ಕೆ ಬೋಲ್ಟ್ ಹಾಕಿದರೆ ಆಳದ ಬದಲು ತೂಕವೇ ಹಿಡಿದಿಡುತ್ತದೆ. ಹೆಪ್ಪುಗಟ್ಟಿದ ನೆಲ ಉಬ್ಬಿದರೂ ಹಲಗೆ ಒಟ್ಟಿಗೆ ಏಳುತ್ತದೆ, ಒಟ್ಟಿಗೆ ಇಳಿಯುತ್ತದೆ. ಖರ್ಚು ಹೆಚ್ಚು, ಒಪ್ಪಿಕೊಳ್ಳುತ್ತೇವೆ. ಹೊಸ ಮರ ಬೇಡವೇ ಬೇಡ: ನೆಡುವಾಗಲೇ ಬೇರುಗಡ್ಡೆಗೆ 2-3 ಅಡಿ ಬೇಕು, ಆಮೇಲೆ ಬೇರು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಒಣಗಿದ ಹಳೇ ಮರವನ್ನು ಕಡಿದರೆ ಬುಡವನ್ನು ಕೀಳದೆ ನೆಲಮಟ್ಟಕ್ಕೆ ಸವರಿ ಬಿಡಿ.

ನಮಗೆ ಹೆಚ್ಚು ಕಳವಳ ತಂದಿರುವುದು ನೀರು. 2011ರಿಂದ ನಗರ ‘ಗ್ರೀನ್ ಸಿಟಿ, ಕ್ಲೀನ್ ವಾಟರ್ಸ್’ ಯೋಜನೆಯಡಿ ಮಳೆನೀರನ್ನು ಚರಂಡಿಗೆ ಬಿಡದೆ ನೆಲಕ್ಕೆ ಇಂಗಿಸುತ್ತಿದೆ. ಒಳ್ಳೆಯ ಯೋಜನೆ, ಇಂಗುಗುಂಡಿಯ ಬೆಲೆ ಕರ್ನಾಟಕದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆಟದ ಮೈದಾನಗಳು ಇದಕ್ಕೆ ಹೇಳಿಮಾಡಿಸಿದ ಜಾಗ. ಆದರೆ ಈ ಮೈದಾನ ಇದಕ್ಕೆ ತಕ್ಕ ಜಾಗವಲ್ಲ. ಹಲವು ಅಡಿ ತೋಡಿ ಜಲ್ಲಿ ತುಂಬುವುದು ಒಂದು ಹಾನಿಯಾದರೆ, ಒಮ್ಮೆ ನೆನೆದು ಒಮ್ಮೆ ಒಣಗುವ ಮಣ್ಣಿನಲ್ಲಿ ಮೂಳೆ ಬೇಗ ಕರಗುವುದು ಇನ್ನೊಂದು. ನೀರನ್ನು ಮೇಲ್ಮೈಯಲ್ಲೇ ಇಳಿಜಾರು ಮಾಡಿ ಬೀದಿಯ ಚರಂಡಿಗೆ ಸಾಗಿಸಬೇಕು.

ಪುರಾತತ್ವಜ್ಞರಿಗೆ ಸಮಯ ಸಿಕ್ಕರೆ ಏನಾಗುತ್ತದೆ, ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂಬ ಎರಡಕ್ಕೂ ನಿಮ್ಮ ಊರಿನಲ್ಲೇ ಸಾಕ್ಷಿಯಿದೆ. 1980ರ ದಶಕದಲ್ಲಿ ರೈಲು ಸುರಂಗಕ್ಕಾಗಿ ಅಗೆಯುವಾಗ ಎಂಟನೇ ಬೀದಿ ಮತ್ತು ವೈನ್ ಬೀದಿಯ ಹತ್ತಿರ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚಿನ ಸ್ಮಶಾನ ಸಿಕ್ಕಿತು. ಅಲ್ಲಿ ಪುರಾತತ್ವಜ್ಞರಿಗೆ ಸಮಯ ಸಿಕ್ಕಿತು, ಹಾಗಾಗಿ ತಿಳಿದದ್ದೂ ಬಹಳ: ಕೆಲವರ ತಲೆಯ ಬಳಿ ನಾಣ್ಯ, ಕೆಲವು ಪೆಟ್ಟಿಗೆಗಳ ಮುಚ್ಚಳದ ಮೇಲೆ ಒಂಟಿ ಶೂ, ಒಂದೆರಡು ಕಡೆ ಹೊಟ್ಟೆಯ ಮೇಲಿಟ್ಟ ತಟ್ಟೆ. ಆಫ್ರಿಕದ ಸಂಸ್ಕಾರಗಳು ಬ್ಯಾಪ್ಟಿಸ್ಟ್ ಸಮಾಧಿಯೊಳಗೂ ಉಳಿದಿದ್ದವು ಎಂದು ಓದಿಕೊಳ್ಳಲು ಆದದ್ದು ಆ ವಸ್ತುಗಳು ಇಟ್ಟಲ್ಲೇ ಇದ್ದುದರಿಂದ. ಅವಶೇಷಗಳನ್ನು ಆಮೇಲೆ ಈಡನ್ ಸ್ಮಶಾನದಲ್ಲಿ ಮರಳಿ ಹೂಳಿದರು. ಇನ್ನೊಂದು ಕಡೆ, ಆರ್ಚ್ ಬೀದಿಯಲ್ಲಿ, 2017ರಲ್ಲಿ ಬೇರೊಂದು ಬ್ಯಾಪ್ಟಿಸ್ಟ್ ಚರ್ಚಿನ ಹಳೇ ಸ್ಮಶಾನದಿಂದ ಸುಮಾರು 500 ಜನರ ಅವಶೇಷ ಎದ್ದುಬಂದವು. ಅವನ್ನೆಲ್ಲ 19ನೇ ಶತಮಾನದಲ್ಲೇ ಬೇರೆಡೆಗೆ ಸಾಗಿಸಿದ್ದಾರೆಂದು ಎಲ್ಲರೂ ನಂಬಿದ್ದರು. ಜಾಗ ಖಾಸಗಿಯವರದು, ನಮ್ಮ ವ್ಯಾಪ್ತಿಯಲ್ಲ ಎಂಬ ಉತ್ತರ ಬರುತ್ತಿದ್ದಾಗ ಯಂತ್ರಗಳು ನಡೆಯುತ್ತಲೇ ಇದ್ದವು. ವೆಕ್ಕಾಕೊ ನಗರದ್ದೇ ಜಾಗ. ಆ ಉತ್ತರ ಇಲ್ಲಿ ನಡೆಯುವುದಿಲ್ಲ.

ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಈ ಸ್ಮಶಾನ ಇದೆ ಎಂದು ಸಮಾಧಾನಪಡುವುದೂ ಸರಿಯಲ್ಲ. ಇಂಥ ಸ್ಥಳಕ್ಕೆ ಹಾನಿಯಾಗುತ್ತದೆಯೇ ಎಂದು ನೋಡುವ, 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ವಿಧಿಯ ಪರಿಶೀಲನೆ ನಡೆಯುವುದು ಕೇಂದ್ರ ಸರ್ಕಾರದ ಹಣ ಅಥವಾ ಪರವಾನಗಿ ಇದ್ದಾಗ ಮಾತ್ರ. ನಗರದ ಸ್ವಂತ ದುಡ್ಡಿನ ಬೇಲಿಗೆ ಅದು ಅನ್ವಯಿಸದು. ಅಗೆಯುವ ಮುನ್ನ 811ಕ್ಕೆ ಫೋನ್ ಮಾಡಿದರೆ ಬಂದು ಬಣ್ಣ ಬಳಿಯುವವರು ಗ್ಯಾಸ್, ನೀರು, ಕೇಬಲ್ ಗುರುತಿಸುತ್ತಾರೆ, ಸಮಾಧಿ ಗುರುತಿಸುವುದಿಲ್ಲ.

ಆದ್ದರಿಂದ ಕೇಳುವುದು ಇಷ್ಟು. ಸ್ಮಶಾನದ ಎಲ್ಲೆಯನ್ನು ನಗರದ ಪರವಾನಗಿ ವ್ಯವಸ್ಥೆಯ ನಕ್ಷೆಯಲ್ಲಿ ಹಾಕಿಸಿ, ಆ ಎಲ್ಲೆಯೊಳಗೆ ಒಂದು ಅಡಿಗಿಂತ ಆಳದ ಯಾವ ಕೆಲಸಕ್ಕೂ ಅರ್ಜಿ ತಾನಾಗಿಯೇ ತಡೆಹಿಡಿಯುವಂತೆ ಮಾಡಿ. ಪಾರ್ಕ್ ಸಿಬ್ಬಂದಿ ಪರವಾನಗಿ ಇಲ್ಲದೆ ಮಾಡುವ ದಿನನಿತ್ಯದ ರಿಪೇರಿಗೂ ಇದೇ ಮಿತಿ ಇರಲಿ. ಪೈಪು ಒಡೆದಾಗ ರಾತ್ರೋರಾತ್ರಿ ಅಗೆಯುವವರು ಅವರೇ. ಮೂಳೆ ಕಂಡರೆ ಹಾರೆ ಎಲ್ಲಿದೆಯೋ ಅಲ್ಲೇ ನಿಲ್ಲಲಿ, ಮೊದಲು ಸರ್ಕಾರಿ ಶವಪರೀಕ್ಷಕರಿಗೆ, ಆಮೇಲೆ ಪುರಾತತ್ವಜ್ಞರಿಗೆ, ಅದೇ ದಿನ ಚರ್ಚಿಗೆ ಸುದ್ದಿ ಹೋಗಲಿ. ಫೋಟೊ ತೆಗೆದು ಹಂಚುವುದು ಬೇಡ.

ಕೊನೆಯದಾಗಿ ಹೆಸರುಗಳು. ಸ್ಮಶಾನ ನೋಡಿಕೊಳ್ಳುವವರು ಹೂಳಿದವರ ವಿವರವನ್ನು ಚೀಟಿಯಲ್ಲಿ ಬರೆದು ಆರೋಗ್ಯ ಮಂಡಳಿಗೆ ಕೊಡಬೇಕೆಂಬ ನಿಯಮ ಆಗ ಇತ್ತು: ಹೆಸರು, ವಯಸ್ಸು, ಸಾವಿನ ಕಾರಣ. ಆ ಚೀಟಿಗಳಿಂದಲೇ ಬೆಥೆಲ್‌ನಲ್ಲಿ ಮಲಗಿರುವ ಎಷ್ಟೋ ಜನರ ಹೆಸರು ಹೊರಬಂದಿದೆ. ಒಂದೇ ಹೆಸರನ್ನು ಮೂರು ಬಗೆಯಲ್ಲಿ ಬರೆದಿರುತ್ತಾರೆ, ಕೂಸುಗಳಿಗೆ ಅಪ್ಪನ ಅಥವಾ ಅಮ್ಮನ ಹೆಸರಷ್ಟೇ. ಕಾಗುಣಿತ ತಿದ್ದದೆ, ಬರೆದಿರುವಂತೆಯೇ ಪ್ರತಿ ಮಾಡಿ, ಪಕ್ಕದ ಕಲಮಿನಲ್ಲಿ ಸರಿಯಿರಬಹುದಾದ ರೂಪ ಕೊಟ್ಟು, ನಗರದ ಜಾಲತಾಣದಲ್ಲಿ ಹಾಕಿಸಿ. ಮೈದಾನದ ಗೇಟಿನ ಬಳಿ ಅದರ ಒಂದು ಪ್ರತಿ ಇರಲಿ, ಕಂಬವಿಲ್ಲದೆ, ಗೋಡೆಗೆ ಬಿಗಿದು.

ಇತಿ,
ಫಿಲಡೆಲ್ಫಿಯ ಸುತ್ತಮುತ್ತ ಸರ್ವೆ, ಮಣ್ಣು ಪರೀಕ್ಷೆ ಮತ್ತು ಕಟ್ಟಡ ಕೆಲಸದಲ್ಲಿರುವ ಕನ್ನಡಿಗರು