ಗಿಯರ್ ಕೂಡಿಸುವ ಮೊದಲು

ಕಾಸರಗೋಡು

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನೀನು ಕೊಚ್ಚಿಗೆ ಹೊರಡುವ ಹಿಂದಿನ ರಾತ್ರಿ ನಮ್ಮ ಮಾತು ಜಗಳದಲ್ಲಿ ನಿಂತಿತು. ನಿನ್ನ ಪುಟ್ಟ ಮಾದರಿ ದೋಣಿಯಲ್ಲಿ ಮೋಟಾರನ್ನು ನೇರವಾಗಿ ಪ್ರೊಪೆಲ್ಲರಿನ ಶಾಫ್ಟಿಗೆ ಜೋಡಿಸಿದರೆ ಸಾಕು, ಗಿಯರ್ ಎಂಬುದು ದೋಣಿಗೆ ಬರಿಯ ಭಾರ ಎಂದು ನೀನು ಹೇಳಿದೆ. ನಾನು ದನಿ ಏರಿಸಿದೆ. ಅದಕ್ಕಾಗಿ ಕ್ಷಮಿಸು ಮಗಳೇ, ಆದರೆ ಗಿಯರ್ ಬೇಕೆಂಬ ಮಾತನ್ನು ನಾನು ಬಿಡಲಾರೆ.

ನಿನ್ನ ಮೋಟಾರು ವೋಲ್ಟಿಗೆ 1000 ಸುತ್ತಿನದು, 11.1 ವೋಲ್ಟಿನ ಬ್ಯಾಟರಿಯಲ್ಲಿ, ಹೊರೆಯಿಲ್ಲದಾಗ, ನಿಮಿಷಕ್ಕೆ 11,100 ಸುತ್ತು. ನಾನು ಕಳುಹಿಸಿರುವ 15 ಹಲ್ಲಿನ ಚಿಕ್ಕ ಗಿಯರ್, ಅಂದರೆ ಪಿನಿಯನ್, 45 ಹಲ್ಲಿನ ಚಕ್ರವನ್ನು ತಿರುಗಿಸಿದರೆ ಶಾಫ್ಟಿಗೆ ತಲುಪುವುದು 3,700 ಸುತ್ತು, ತಿರುಗಿಸುವ ಬಲ, ಅಂದರೆ ಟಾರ್ಕ್, ಮಾತ್ರ ಘರ್ಷಣೆಯ ನಷ್ಟ ಕಳೆದು ಮೂರು ಪಟ್ಟಿನ ಹತ್ತಿರ. ಇನ್ನೊಂದು ಕಾರಣವೂ ಇದೆ. ಪ್ರೊಪೆಲ್ಲರಿನ ಎಲೆಗಳ ಕೋನ ಬದಲಿಸುವ ಕಡ್ಡಿ ಟೊಳ್ಳು ಶಾಫ್ಟಿನೊಳಗಿನಿಂದ ಬಂದು ಒಳತುದಿಯಲ್ಲಿ ಅದನ್ನು ಹಿಂದೆ ಮುಂದೆ ಸರಿಸುವ ಪುಟ್ಟ ಮೋಟಾರನ್ನು, ಅಂದರೆ ಸರ್ವೋವನ್ನು, ಸೇರಬೇಕಲ್ಲವೇ? ಆ ತುದಿಯಲ್ಲಿ ಮೋಟಾರು ಕುಳಿತರೆ ಕಡ್ಡಿಗೆ ದಾರಿಯೇ ಇರುವುದಿಲ್ಲ. ಗಿಯರ್ ಇದ್ದರೆ ಮೋಟಾರು ಪಕ್ಕಕ್ಕೆ ಸರಿಯುತ್ತದೆ. ಹಲ್ಲಿನ ಗಾತ್ರ ಹೇಳುವ ಅಳತೆ, ಅಂದರೆ ಮಾಡ್ಯೂಲ್, 1 ಆದುದರಿಂದ ಎರಡು ಅಕ್ಷಗಳ ನಡುವೆ 30 ಮಿ.ಮೀ. ಇರಲಿ, ಹಲ್ಲುಗಳ ನಡುವೆ ತೆಳುವಾದ ಕಾಗದವಿಟ್ಟು ಮೋಟಾರನ್ನು ಬಿಗಿದು, ಆಮೇಲೆ ಕಾಗದವನ್ನು ತೆಗೆ.

ನನ್ನ ಹಟಕ್ಕೆ ಇವಿಷ್ಟೇ ಕಾರಣವಲ್ಲ. ನೀನು ಏಳನೆಯ ತರಗತಿಯಲ್ಲಿದ್ದಾಗ ಚಂದ್ರಗಿರಿ ಹೊಳೆಯಲ್ಲಿ ಬಿಟ್ಟ ದೋಣಿಗೆ ಗಿಯರ್ ಇರಲಿಲ್ಲ. ದೊಡ್ಡ ಪ್ರೊಪೆಲ್ಲರಿನ ಹೊರೆ ತಾಳದೆ ಮೋಟಾರು ಸುಟ್ಟು, ದೋಣಿ ನಡುನೀರಿನಲ್ಲಿ ನಿಂತಿತು. ಇಳಿತದ ಹೊತ್ತು, ಹೊಳೆ ಕಡಲಿನ ಕಡೆಗೆ ಎಳೆಯುತ್ತಿತ್ತು. ನಾನು ತಿರುಗಿ ನೋಡುವಷ್ಟರಲ್ಲಿ ನೀನು ಎದೆಮಟ್ಟದ ನೀರಿನಲ್ಲಿದ್ದೆ. ಕೂಗಿದರೂ ನೀನು ತಿರುಗಲಿಲ್ಲ, ದೋಣಿಯನ್ನೇ ನೋಡುತ್ತ ಮುಂದೆ ಹೋಗುತ್ತಿದ್ದೆ. ನಿನ್ನ ಜಡೆಯ ರಿಬ್ಬನ್ನು ನೀರಿನ ಮೇಲೆ ಹರಡಿದ್ದು, ಕಾಲಡಿಯ ಕೆಸರಿನಲ್ಲಿ ನಾನು ಎರಡು ಹೆಜ್ಜೆಗೊಮ್ಮೆ ಹೂತುಹೋಗಿದ್ದು, ಕೊನೆಗೆ ನಿನ್ನ ತೋಳು ಕೈಗೆ ಸಿಕ್ಕಿದ್ದು, ಇವೆಲ್ಲ ಈಗಲೂ ನಿದ್ದೆಗೆ ಬರುತ್ತವೆ. ನೀರಿನಲ್ಲಿ ನಿಂತ ದೋಣಿಯನ್ನು ತರಲು ನೀನು ಇಳಿಯುತ್ತೀ ಎಂದು ನನಗೆ ಗೊತ್ತು. ಆದುದರಿಂದ ದೋಣಿ ನಿಲ್ಲಬಾರದು.

ಮೊದಲು ದೋಣಿಯನ್ನು ತೊಟ್ಟಿಯಲ್ಲಿ ಕಟ್ಟಿ ಓಡಿಸು. ಎಲೆಗಳ ಕೋನ ಸೊನ್ನೆಯಲ್ಲಿರುವಾಗಲೇ ಮೋಟಾರನ್ನು ಆರಂಭಿಸು. ಕೋನ ಏರಿದಂತೆ ಕರೆಂಟ್ ಏರುವುದನ್ನು ಮೀಟರಿನಲ್ಲಿ ನೋಡು. ಒಂದು ಜೋಡಿ ಗಿಯರ್ ಸೇರಿದಾಗ ಶಾಫ್ಟು ಮೋಟಾರಿಗೆ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಶಾಫ್ಟಿನ ಕೊಳವೆಗೆ ಗ್ರೀಸ್ ತುಂಬಲು ಮರೆಯಬೇಡ. ಊಟವನ್ನೂ ಮರೆಯಬೇಡ, ರಾತ್ರಿಯೆಲ್ಲ ಬೆಸುಗೆ ಹಾಕುತ್ತ ಕೂರಬೇಡ.

ನೀನು ಹಡಗು ಕಟ್ಟುವುದನ್ನು ಕಲಿಯುತ್ತಿರುವ ಊರಿನಲ್ಲೇ ವಿಮಾನವಾಹಕ ನೌಕೆ ವಿಕ್ರಾಂತ್ ಸಿದ್ಧವಾಯಿತು. 2022ರಲ್ಲಿ ಅದು ನೌಕಾಪಡೆಗೆ ಸೇರಿತು. ಅದರ ನಾಲ್ಕು ಗ್ಯಾಸ್ ಟರ್ಬೈನ್‌ಗಳ ವೇಗವೂ ಗಿಯರ್‌ಗಳಲ್ಲಿ ಇಳಿದೇ ಪ್ರೊಪೆಲ್ಲರನ್ನು ಮುಟ್ಟುತ್ತದೆ. ನನ್ನ ಮಗಳು ಅಂಥ ಕೆಲಸಕ್ಕೆ ಹೊರಟಿದ್ದಾಳೆ ಎಂದು ಲೇತಿನ ಬಳಿ ಬಂದವರಿಗೆಲ್ಲ ಹೇಳುತ್ತಿದ್ದೇನೆ.

ಕಡ್ಡಿಯ ತುದಿಗೆ ಬೇರಿಂಗ್ ಇರುವ ಕಾಲರನ್ನೂ ಇಟ್ಟಿದ್ದೇನೆ. ಅದು ಬಿಗಿಯಾದರೆ ಅರದಿಂದ ಉಜ್ಜಬೇಡ. ಕಡ್ಡಿಯ ಅಳತೆಯನ್ನು ಬರೆದು ತಿಳಿಸು, ಬೇರೆ ಮಾಡಿ ಕಳುಹಿಸುತ್ತೇನೆ.

ನಿನ್ನ ಅಪ್ಪ