ಹಡಗನ್ನು ಕರೆಯುವವರು ಯಾರು?

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಚಿತ್ರಕಥೆ ಓದಿ ಮುಗಿಸಿದೆ. ಲೀನಾ ವರ್ಟ್‌ಮ್ಯೂಲರ್ 1974ರಲ್ಲಿ ಬರೆದು ನಿರ್ದೇಶಿಸಿದ ಇಟಾಲಿಯನ್ ಸಿನಿಮಾ ‘ಸ್ವೆಪ್ಟ್ ಅವೇ’ಯನ್ನು ಮತ್ತೆ ಮಾಡಬೇಕೆಂಬ ನಿನ್ನ ಹುಚ್ಚು ನನಗೆ ಹಿಡಿಸಿತು. ಆದರೆ ಒಂದು ವಿಷಯಕ್ಕೆ ಜಗಳ ಆಡಲೇಬೇಕು. ನಾಲ್ಕನೇ ದೃಶ್ಯದಲ್ಲೇ ದೋಣಿಯ ಎಂಜಿನ್ ಕೆಡುತ್ತದೆ, ಐದನೆಯದರಲ್ಲಿ ಯಜಮಾನಿಯೂ ಕೆಲಸದವನೂ ದ್ವೀಪ ಸೇರಿಬಿಟ್ಟಿದ್ದಾರೆ. ಪ್ರೇಕ್ಷಕರು ಕಾಯುವುದಿಲ್ಲ ಅಂತ ಬೇಗ ತಂದೆ ಎಂದು ಬರೆದಿದ್ದೀಯ. ಅವರು ಏನಕ್ಕಾಗಿ ಕಾಯಬೇಕು ಅನ್ನುವುದನ್ನೇ ಆ ಹೊತ್ತಿಗೆ ನೀನು ಹೇಳಿಲ್ಲವಲ್ಲ.

ವರ್ಟ್‌ಮ್ಯೂಲರ್ ಅಷ್ಟು ಅವಸರ ಮಾಡಲಿಲ್ಲ. ಆಗಸ್ಟ್ ತಿಂಗಳ ಮೆಡಿಟರೇನಿಯನ್, ಮೋಜಿಗೆ ಬಂದ ಶ್ರೀಮಂತರ ಯಾಟ್. ಉತ್ತರ ಇಟಲಿಯ ರಫಾಯೆಲ್ಲಾ ಬಾಯಿ ಮುಚ್ಚುವುದೇ ಇಲ್ಲ. ಸ್ಪಗೆಟ್ಟಿ ಬೆಂದು ಮೆತ್ತಗಾಗಿದೆ, ಕಾಫಿ ಹಳೆಯದನ್ನೇ ಬಿಸಿ ಮಾಡಿ ತಂದದ್ದು, ಆಳಿನ ಅಂಗಿ ಬೆವರು ನಾರುತ್ತಿದೆ. ಆ ಆಳು ಜೆನ್ನರೀನೋ, ಸಿಸಿಲಿಯವನು, ಕಮ್ಯುನಿಸ್ಟ್. ಅವನಿಗೆ ಕೇಳಿಸಲಿ ಅಂತಲೇ ಅವಳು ಕಮ್ಯುನಿಸ್ಟರನ್ನು ಬೈಯುತ್ತಾಳೆ. ಅವನು ಹಲ್ಲು ಕಚ್ಚಿಕೊಂಡು ತಟ್ಟೆ ಎತ್ತುತ್ತಾನೆ. ಆಮೇಲೆ ಇವರಿಬ್ಬರೇ ಸಿಕ್ಕಿಬೀಳುವ ನಿರ್ಜನ ದ್ವೀಪದಲ್ಲಿ ಅವನು ಆಡುವ ಒಂದೊಂದು ಕ್ರೂರ ಮಾತಿಗೂ ಬೀಜ ಬಿದ್ದದ್ದು ಇಲ್ಲಿ. ಮುಂದೆ ಹಸಿದ ರಫಾಯೆಲ್ಲಾ ಅವನು ಹಿಡಿದ ಆಹಾರಕ್ಕೆ ದುಡ್ಡು ಕೊಡುತ್ತೇನೆ ಅನ್ನುತ್ತಾಳೆ, ಅವನು ಮಾರುವುದಿಲ್ಲ ಅನ್ನುತ್ತಾನೆ. ಒಳಚಡ್ಡಿ ಒಗೆಯಬೇಕು, ಯಜಮಾನ ಎಂದು ಕರೆಯಬೇಕು ಎಂದು ಕರಾರು ಹಾಕುತ್ತಾನೆ. ಕಾಫಿಯ ಜಗಳ ನೋಡದವರಿಗೆ ಇದು ಬರೀ ಗಂಡಸಿನ ದರ್ಪವಾಗಿ ಕಾಣುತ್ತದೆ. ನೋಡಿದವರಿಗೂ ಅದು ದರ್ಪವೇ, ಆದರೆ ಲೆಕ್ಕ ಚುಕ್ತಾ ಮಾಡುವ ದರ್ಪ.

ಆ ವರ್ಷದ ಇಟಲಿಯನ್ನೂ ಸ್ವಲ್ಪ ನೆನೆಸಿಕೋ. 1973ರ ತೈಲ ಬಿಕ್ಕಟ್ಟಿನ ಬಿಸಿ ಆರಿರಲಿಲ್ಲ. 1974ರ ಮೇ ತಿಂಗಳಲ್ಲಿ ವಿಚ್ಛೇದನದ ಕಾನೂನು ಇರಲೋ ಬೇಡವೋ ಎಂದು ದೇಶವೇ ಮತ ಹಾಕಿತು, ಶೇ. 59ರಷ್ಟು ಮತ ಇರಲಿ ಎನ್ನುವುದಕ್ಕೆ ಬಿತ್ತು. ಕಮ್ಯುನಿಸ್ಟ್ ಪಕ್ಷ ಬೆಳೆಯುತ್ತಿತ್ತು, 1976ರ ಚುನಾವಣೆಯಲ್ಲಿ ಅದು ಮೂರನೇ ಒಂದು ಪಾಲಿಗಿಂತ ಹೆಚ್ಚು ಮತ ಪಡೆಯಿತು. ದಕ್ಷಿಣದ ಬಡವರು ಟೂರಿನ್, ಮಿಲಾನ್ ಕಾರ್ಖಾನೆಗಳಿಗೆ ಗುಳೆ ಹೋಗಿ ಬೈಗುಳ ತಿನ್ನುತ್ತಿದ್ದ ಕಾಲ. ರಫಾಯೆಲ್ಲಾ ಬಾಯಿ ತೆರೆದರೆ ಪ್ರೇಕ್ಷಕರಿಗೆ ಅವಳ ಊರು, ಬ್ಯಾಂಕ್ ಖಾತೆ, ಮತ ಯಾರಿಗೆ ಎಂಬುದೆಲ್ಲ ಗೊತ್ತಾಗುತ್ತಿತ್ತು.

ಈಗ 2002ಕ್ಕೆ ಬಾ. ಗೈ ರಿಚಿ ಇದನ್ನು ಇಂಗ್ಲಿಷಿನಲ್ಲಿ ಮತ್ತೆ ಮಾಡಿದರು. ನಾಯಕಿ ಆಗ ಅವರ ಹೆಂಡತಿಯಾಗಿದ್ದ ಮಡೋನಾ. ನಾಯಕ ಆದ್ರಿಯಾನೋ ಜನ್ನೀನಿ, ಅಂದರೆ ಮೂಲದಲ್ಲಿ ಜೆನ್ನರೀನೋ ಆಗಿದ್ದ ಜನ್‌ಕಾರ್ಲೋ ಜನ್ನೀನಿಯ ಮಗ. ಸಾರ್ಡೀನಿಯಾದ ಸಮುದ್ರವೂ ಅದೇ. ರಕ್ತವೂ ನೀರೂ ಮೂಲದ್ದೇ ಇದ್ದು ಸಿನಿಮಾ ಮಾತ್ರ ಸತ್ತುಹೋಯಿತು. ಒಂದು ಕೋಟಿ ಡಾಲರ್ ಖರ್ಚಿನ ಚಿತ್ರ ಅಮೆರಿಕದಲ್ಲಿ ಆರು ಲಕ್ಷವನ್ನೂ ಮುಟ್ಟಲಿಲ್ಲ, ಬ್ರಿಟನ್ನಿನಲ್ಲಿ ಥಿಯೇಟರಿಗೇ ಬರಲಿಲ್ಲ. ಕೆಟ್ಟ ಚಿತ್ರಗಳಿಗೆ ಕೊಡುವ ರ‍್ಯಾಜಿ ಪ್ರಶಸ್ತಿಗಳಲ್ಲಿ ಐದು ಅದಕ್ಕೇ ಹೋದವು. ಎಲ್ಲರೂ ಮಡೋನಾಗೆ ನಟನೆ ಬರುವುದಿಲ್ಲ ಎಂದು ನಕ್ಕು ಸುಮ್ಮನಾದರು. ನನಗೆ ಆ ವಿವರಣೆ ಸಾಲದು. ಮೂಲದಲ್ಲಿ ರಫಾಯೆಲ್ಲಾ ಆಗಿದ್ದ ಮರಿಯಾಂಜೆಲಾ ಮೆಲಾತೋಳನ್ನೇ ಕರೆತಂದು ನಿಲ್ಲಿಸಿದ್ದರೂ ಆ ಚಿತ್ರಕಥೆಯಲ್ಲಿ ಅವಳಿಗೆ ಆಡಲು ಏನೂ ಇರುತ್ತಿರಲಿಲ್ಲ. ಅದರಲ್ಲಿ ಶ್ರೀಮಂತಿಕೆ ಅಂದರೆ ಸಿಡುಕು, ಬಡತನ ಅಂದರೆ ಕಟ್ಟುಮಸ್ತಾದ ಮೈ. ಇಬ್ಬರಿಗೂ ರಾಜಕೀಯ ಇದೆ ಅನ್ನುವುದು ನೆಪಕ್ಕೆ ಮಾತ್ರ. ನಡುವೆ ನಾಯಕಿಗೆ ಕನಸಿನಲ್ಲೊಂದು ಹಾಡು ಬೇರೆ! ನಮ್ಮವರು ಮಾತ್ರ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಕೊನೆಗೆ. ಮೂಲದಲ್ಲಿ ಹಡಗೊಂದು ಕಾಣಿಸಿದಾಗ ರಫಾಯೆಲ್ಲಾಳೇ ಅದನ್ನು ಕರೆಯಬೇಡ ಎಂದು ಗೋಗರೆಯುತ್ತಾಳೆ. ಕರೆಯುವವನು ಜೆನ್ನರೀನೋ. ಊರಿಗೆ ಮರಳಿದ ಮೇಲೂ ಇವಳು ನನ್ನನ್ನು ಪ್ರೀತಿಸುತ್ತಾಳಾ ಎಂದು ಅವನಿಗೆ ಪರೀಕ್ಷೆ ಮಾಡಬೇಕು. ಪರೀಕ್ಷೆಯ ಫಲ ಬಂದರಿನಲ್ಲಿ ಸಿಗುತ್ತದೆ. ಅವಳು ಗಂಡನ ಜೊತೆ ಹೆಲಿಕಾಪ್ಟರ್ ಹತ್ತಿ ಹೋಗುತ್ತಾಳೆ, ಇವನ ಪಾಲಿಗೆ ಇವನ ಹೆಂಡತಿ ಕಾದಿದ್ದಾಳೆ. ಯಾರೂ ಯಾರನ್ನೂ ತಡೆದಿಲ್ಲ. ರಫಾಯೆಲ್ಲಾ ತಾನೇ ಆರಿಸಿಕೊಂಡು ಹೋದಳು, ಅದಕ್ಕೇ ಅದು ಉರಿಯುತ್ತದೆ. 2002ರ ಚಿತ್ರದಲ್ಲಿ ಗಂಡ ನಡುವೆ ಕೈಯಾಡಿಸಿ, ಪ್ರಿಯಕರನ ಸಂದೇಶ ಅವಳಿಗೆ ತಲುಪದ ಹಾಗೆ ನೋಡಿಕೊಳ್ಳುತ್ತಾನೆ. ಅಲ್ಲಿಗೆ ವರ್ಗದ ಕಥೆ ಹೋಗಿ ಕಾಗದ ಕೈತಪ್ಪಿದ ಕಥೆಯಾಯಿತು. ನಾಯಕಿ ಒಳ್ಳೆಯವಳಾಗಿ ಉಳಿದಳು, ಚಿತ್ರಕ್ಕೆ ಹೇಳಲು ಏನೂ ಉಳಿಯಲಿಲ್ಲ.

ನಿನ್ನದರಲ್ಲಿ ಕೋಸ್ಟ್ ಗಾರ್ಡ್ ತಾನಾಗಿ ಬಂದು ಇಬ್ಬರನ್ನೂ ಎತ್ತಿಕೊಂಡು ಹೋಗುತ್ತದೆ. ಯಾಕೆ? ಈ ಜಾತಿಯ ಕಥೆಗಳ ಅಜ್ಜನಂಥ ನಾಟಕ, ಜೆ. ಎಂ. ಬ್ಯಾರಿಯ ‘ದಿ ಅಡ್ಮಿರಬಲ್ ಕ್ರೈಟನ್’ ಓದು. ಲಂಡನ್ ರಂಗಕ್ಕೆ 1902ರಲ್ಲಿ ಬಂದದ್ದು. ತಿಂಗಳಿಗೊಮ್ಮೆ ಕೆಲಸದವರನ್ನು ಕೂರಿಸಿ ಚಹಾ ಕೊಟ್ಟು ಸಮಾನತೆ ಆಡುವ ಒಬ್ಬ ಲಾರ್ಡ್, ಅದನ್ನು ಕಂಡರಾಗದ ಅವನ ಬಟ್ಲರ್ ಕ್ರೈಟನ್. ಹಡಗು ಒಡೆದು ದ್ವೀಪ ಸೇರಿದ ಮೇಲೆ ಬಟ್ಲರೇ ದೊರೆ. ಲಾರ್ಡನ ಮಗಳು ಅವನನ್ನು ಮದುವೆಯಾಗುವ ಹೊತ್ತಿಗೆ ತೋಪಿನ ಸದ್ದು ಕೇಳಿಸುತ್ತದೆ, ಹಡಗು ಬಂದಿದೆ. ಸಂಕೇತದ ಬೆಂಕಿ ಹೊತ್ತಿಸಿ ಅದನ್ನು ನಿಲ್ಲಿಸುವವನು ಕ್ರೈಟನ್ನೇ. ದ್ವೀಪದಲ್ಲಿ ಎಲ್ಲವನ್ನೂ ಗಳಿಸಿದವನೇ ಅದನ್ನು ಬಿಟ್ಟುಕೊಡುತ್ತಾನೆ. ಕ್ರೈಟನ್ ಕರ್ತವ್ಯಕ್ಕೆ ಕರೆದ, ಜೆನ್ನರೀನೋ ಜಂಬಕ್ಕೆ ಕರೆದ. ರೂಬೆನ್ ಓಸ್ಟ್‌ಲುಂಡ್ ಅವರ ‘ಟ್ರಯಾಂಗಲ್ ಆಫ್ ಸ್ಯಾಡ್‌ನೆಸ್’ 2022ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದಿತಲ್ಲ, ಅದರಲ್ಲಿ ಹಡಗಿನ ಶೌಚಾಲಯ ನೋಡಿಕೊಳ್ಳುವ ಫಿಲಿಪ್ಪೀನ್ಸಿನ ಹೆಂಗಸು ಅಬಿಗೇಲ್ ಹಡಗು ಒಡೆದು ದಡ ಸೇರಿದ ಮೇಲೆ ಎಲ್ಲರಿಗೂ ಒಡತಿಯಾಗುತ್ತಾಳೆ. ಹತ್ತಿರದಲ್ಲೇ ರೆಸಾರ್ಟಿನ ಲಿಫ್ಟ್ ಕಂಡಾಗ ಅವಳು ಕಲ್ಲು ಎತ್ತಿಕೊಳ್ಳುತ್ತಾಳೆ, ಯಾರನ್ನೂ ಕರೆಯುವ ಮನಸ್ಸು ಅವಳಿಗಿಲ್ಲ. ಮೂರು ಕಾಲ, ಮೂರು ಉತ್ತರ. ನಿನ್ನ ನಾಯಕ ಏನು ಮಾಡುತ್ತಾನೆ ಅನ್ನುವುದು ಗೊತ್ತಾಗುವ ತನಕ ದ್ವೀಪದ ಒಂದು ಸಾಲೂ ಬರೆಯಬೇಡ.

ಹೊಡೆತದ ವಿಷಯ ಕೇಳಿದ್ದೀಯ. ಮೂಲದಲ್ಲಿ ಜೆನ್ನರೀನೋ ಅವಳನ್ನು ಹೊಡೆಯುತ್ತಾನೆ, ಅತ್ಯಾಚಾರದ ಅಂಚಿನವರೆಗೂ ಹೋಗುತ್ತಾನೆ, ಅವಳಿಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ. ಸ್ತ್ರೀವಾದಿಗಳು ಆಗಲೇ ಸಿಟ್ಟಿಗೆದ್ದಿದ್ದರು, ಆ ಸಿಟ್ಟು ನನಗೂ ಇದೆ. ನಿರ್ದೇಶಕರ ಆಸ್ಕರ್‌ಗೆ ನಾಮನಿರ್ದೇಶನಗೊಂಡ ಮೊದಲ ಹೆಂಗಸು ವರ್ಟ್‌ಮ್ಯೂಲರ್ ಅನ್ನುವುದು ಇದಕ್ಕೆ ಉತ್ತರ ಅಲ್ಲ. ಅವರು ತೋರಿಸಿದ್ದು ಎರಡು ಏಣಿಗಳನ್ನು. ಹಣದ ಏಣಿಯಲ್ಲಿ ಕೆಳಗಿದ್ದವನು ಗಂಡಸುತನದ ಏಣಿಯಲ್ಲಿ ಮೇಲಿದ್ದ. ಸಮಾನತೆಯ ಭಾಷಣ ಮಾಡುತ್ತಿದ್ದವನಿಗೆ ಅಧಿಕಾರ ಸಿಕ್ಕ ಕೂಡಲೇ ಅವನು ಸುಲ್ತಾನನಾದ. ನೀನು ಹೊಡೆತಗಳನ್ನು ಅಳಿಸಿ, ಅವನಿಗೆ ಹೂವು ಕೊಡಿಸಿದ್ದೀಯ. ಹಾಗೆ ಮಾಡಿದರೆ ಅವನ ಕೊಳಕೂ ಅಳಿಸಿಹೋಗುತ್ತದೆ. ಹೊಡೆತ ಬೇಡ, ಸರಿ. ಅವನು ಅವಳ ಮೇಲೆ ಏನನ್ನು ಹೇರುತ್ತಾನೆ ಅನ್ನುವುದನ್ನು ಬೇರೆ ದಾರಿಯಲ್ಲಿ ತೋರಿಸು. ಅವಳು ಮರುಳಾಗುವುದು ಪ್ರೀತಿಯಿಂದಲೋ ಹಸಿವು-ಭಯಗಳಿಂದಲೋ ಅನ್ನುವ ಅನುಮಾನವನ್ನೂ ಉಳಿಸು.

ಈ ಮಾತು ನಿನಗೆ ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೊಕ್ಕಿನ ಹುಡುಗಿಯನ್ನು ಬಗ್ಗಿಸುವ ಕಥೆ ನಮಗೆ ಹೊಸದಲ್ಲ. ಶೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ವನ್ನು ಪರ್ವತವಾಣಿ ‘ಬಹದ್ದೂರ್ ಗಂಡ’ ನಾಟಕ ಮಾಡಿದರು. ಆ ನಾಟಕದಿಂದ 1989ರಲ್ಲಿ ‘ನಂಜುಂಡಿ ಕಲ್ಯಾಣ’ ಬಂದು ಊರೂರಲ್ಲಿ ಓಡಿತು. ನಗಿಸುವ ಸಿನಿಮಾ, ನಾನೂ ನಕ್ಕಿದ್ದೇನೆ. ಆದರೆ ನಿನ್ನ ಕಥೆ ಸ್ವಲ್ಪ ಜಾರಿದರೂ ಬೀಳುವುದು ಆ ಗುಂಡಿಗೇ, ನಮ್ಮ ಪ್ರೇಕ್ಷಕರು ಮೊದಲ ಕಪಾಳಮೋಕ್ಷಕ್ಕೇ ಶಿಳ್ಳೆ ಹೊಡೆಯುತ್ತಾರೆ.

ಕರಾವಳಿಯ ಬಗ್ಗೆಯೂ ಒಂದು ಮಾತು. ನೀನು ಆರಿಸಿದ ನೇತ್ರಾಣಿ ದ್ವೀಪದಲ್ಲಿ ವಾರಗಟ್ಟಲೆ ಯಾರಿಗೂ ಕಾಣದೆ ಇರುವುದು ನಡೆಯದ ಮಾತು. ಮುರ್ಡೇಶ್ವರದಿಂದ ಸ್ಕೂಬಾದವರ ದೋಣಿಗಳು ಹೋಗಿಬರುತ್ತಿರುತ್ತವೆ, ಮೀನಿನ ಬೋಟುಗಳಂತೂ ಸರಿಯೇ ಸರಿ. ಲಕ್ಷದ್ವೀಪವಾದರೆ 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ ಮಾತ್ರ, ಅದನ್ನು ಯೋಚಿಸು. ಇನ್ನು ಬೆಂಗಳೂರಿನ ಉದ್ಯಮಿ ಹೆಂಗಸು, ಮಲ್ಪೆಯ ಬೋಟಿನ ಹುಡುಗ ಎಂದಷ್ಟೇ ಬರೆದು ಇದು ವರ್ಗದ ಕಥೆ ಅನ್ನಬೇಡ. ನಮ್ಮಲ್ಲಿ ಅವನು ಮುಟ್ಟಿದ ಲೋಟದಲ್ಲಿ ಅವಳು ನೀರು ಕುಡಿಯುತ್ತಾಳಾ ಅನ್ನುವುದು ಸಂಬಳಕ್ಕಿಂತ ಮೊದಲು ಬರುವ ಪ್ರಶ್ನೆ. ಅವಳ ಕಾಫಿಯ ತಕರಾರು ಅಲ್ಲಿಂದ ಹುಟ್ಟಬಹುದು. ಜಾತಿಯ ಹೆಸರನ್ನು ಯಾರ ಬಾಯಲ್ಲೂ ಹೇಳಿಸದೆ ಅದನ್ನು ಬರೆಯಲು ಆಗುತ್ತದಾ ನೋಡು.

ಹಕ್ಕಿನ ವಿಚಾರ ಉದಾಸೀನ ಮಾಡಬೇಡ. ನಮ್ಮ ಕಾನೂನಿನಲ್ಲಿ ಸಿನಿಮಾಕ್ಕೆ 60 ವರ್ಷದ ಕಾಪಿರೈಟ್, ಅಂದರೆ 1974ರದ್ದು 2034ರ ಕೊನೆಯವರೆಗೆ. ಚಿತ್ರಕಥೆಗೆ ಬರೆದವರು ತೀರಿಕೊಂಡ ಮೇಲೆ 60 ವರ್ಷ. ವರ್ಟ್‌ಮ್ಯೂಲರ್ ಹೋದದ್ದು 2021ರಲ್ಲಿ. ರೀಮೇಕ್ ಎಂದು ಹೇಳಿಕೊಂಡು ದೃಶ್ಯಗಳನ್ನೇ ಎತ್ತುವುದಾದರೆ ಹಕ್ಕು ಕೊಳ್ಳಲೇಬೇಕು. ಬರೀ ಕಲ್ಪನೆಗೆ ಯಾರೂ ಒಡೆಯರಲ್ಲ, ಅದು ಮೈತಳೆದ ರೀತಿಗೆ ಮಾತ್ರ ಹಕ್ಕು ಎಂದು ಆರ್. ಜಿ. ಆನಂದ್ ಪ್ರಕರಣದಲ್ಲಿ 1978ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬ್ಯಾರಿ 1937ರಲ್ಲಿ ತೀರಿಕೊಂಡದ್ದರಿಂದ ಇಲ್ಲಿ ಅವರ ನಾಟಕದ ಅವಧಿ ಎಂದೋ ಮುಗಿದಿದೆ. ಹಣ ಇಲ್ಲದ ನಿರ್ಮಾಪಕ ಸಿಕ್ಕರೆ ಅವನಿಗೆ ಈ ದಾರಿ ತೋರಿಸು, ಸಹಿ ಹಾಕುವ ಮುಂಚೆ ವಕೀಲರಿಗೂ ಒಂದು ಸಲ ತೋರಿಸು.

ಸದ್ಯಕ್ಕೆ ಯಾಟಿನ ಭಾಗವನ್ನಷ್ಟೇ ಬರೆದು ಕಳಿಸು, ಬೇಕಾದಷ್ಟು ಪುಟ ತೆಗೆದುಕೋ. ಮಲ್ಪೆಗೆ ಹೋಗಿ ಬೋಟಿನವರ ಜೊತೆ ಒಂದಷ್ಟು ದಿನ ಕೂತು ಬರೆ. ಒಡೆಯರ ಬಗ್ಗೆ ಅವರು ಏನು ಮಾತಾಡುತ್ತಾರೆ, ಒಡೆಯರು ಎದುರಿಗೆ ಬಂದರೆ ಏನು ಮಾತಾಡುತ್ತಾರೆ, ಎರಡನ್ನೂ ಬೇರೆಬೇರೆಯಾಗಿ ಬರೆದುಕೊಂಡು ಬಾ.

ನಿನ್ನ ಅಕ್ಕ