ಕ್ಯಾನ್‌ಬೆರಾದಿಂದ ಸೀನನಿಗೆ

ಲೋ ಸೀನ,

ಫೋನ್ ಮಾಡಿದಾಗಲೆಲ್ಲ ‘ನಿಮ್ಮೂರಲ್ಲಿ ಜನ ಇದ್ದಾರೇನೋ?’ ಅಂತ ರೇಗಿಸುತ್ತೀಯಲ್ಲ, ಎಲ್ಲರೆದುರಿಗೇ ಉತ್ತರ ಕೊಡುತ್ತೇನೆ. ಇದ್ದಾರೆ ಕಣೋ. ಕಾಣುವುದಿಲ್ಲ ಅಷ್ಟೇ.

ಆಸ್ಟ್ರೇಲಿಯಾದ ರಾಜಧಾನಿ ನಮಗೆ ಬೇಕು ಅಂತ ಸಿಡ್ನಿ, ಮೆಲ್ಬರ್ನ್ ಎರಡೂ ಜಗ್ಗಾಡಿದ್ದಕ್ಕೆ, ಸಿಡ್ನಿಯಿಂದ ನೂರು ಮೈಲಿಗೂ ಆಚೆ, ಕುರಿ ಮೇಯುತ್ತಿದ್ದ ಬಯಲಲ್ಲಿ ಎಬ್ಬಿಸಿದ ಊರು ಇದು. 1912ರಲ್ಲಿ ನಕ್ಷೆಯ ಸ್ಪರ್ಧೆ ಗೆದ್ದವನು ಅಮೆರಿಕದ ವಾಲ್ಟರ್ ಬರ್ಲಿ ಗ್ರಿಫಿನ್. ಚಂದದ ಚಿತ್ರಗಳನ್ನು ಬರೆದವಳು ಹೆಂಡತಿ ಮೇರಿಯನ್. ಊರ ನಡುವಿನ ಕೆರೆಗೆ ಮಾತ್ರ ಗಂಡನ ಹೆಸರು! ಆ ಕೆರೆ ತುಂಬಿದ್ದು 1964ರಲ್ಲಿ. ಅವನು 1937ರಲ್ಲೇ ತೀರಿಕೊಂಡಿದ್ದ. ಎಲ್ಲಿ ಗೊತ್ತಾ? ಲಖನೌದಲ್ಲಿ. ಅಧಿಕಾರಿಗಳ ಜೊತೆ ಜಗಳವಾಗಿ ಇಲ್ಲಿಯ ಕೆಲಸ ಬಿಟ್ಟವನು, ಕೊನೆಗೆ ಅಲ್ಲಿನ ಯೂನಿವರ್ಸಿಟಿಯ ಲೈಬ್ರರಿಗೆ ನಕ್ಷೆ ಹಾಕಲು ಹೋಗಿದ್ದ. ಸಮಾಧಿಯೂ ಅಲ್ಲೇ. ಪುಣ್ಯವಂತ, ಅಲ್ಲಿ ಅವನ ಮನೆಗೆ ಜನ ಹೇಳದೆ ಕೇಳದೆ ಬಂದಿರುತ್ತಾರೆ.

ನಮ್ಮ ಬಡಾವಣೆಯಲ್ಲಿ ಮನೆ ಮುಂದೆ ಕಾಂಪೌಂಡ್ ಕಟ್ಟುವ ಹಾಗಿಲ್ಲ. ಬೇಕಿದ್ದರೆ ಗಿಡದ ಬೇಲಿ. ರಸ್ತೆಗೂ ನನ್ನ ಬಾಗಿಲಿಗೂ ನಡುವೆ ಬರೀ ಹುಲ್ಲು. ಕಾಂಗರೂ ಸೀದಾ ಬಂದು ಮೇಯ್ದು ಹೋಗುತ್ತದೆ. ಮನುಷ್ಯರು ಮೆಸೇಜ್ ಮಾಡದೆ ಬರುವುದಿಲ್ಲ.

ಹೋದ ಶನಿವಾರ ಸಂಜೆ ಬೆಲ್ ಆಯಿತು. ಬರುತ್ತೇನೆ ಅಂತ ಯಾರೂ ಹೇಳಿರಲಿಲ್ಲ. ಏನು ಮಾಡಿದೆ ಹೇಳು? ಟಿವಿ ಸದ್ದು ನಿಲ್ಲಿಸಿ, ಲೈಟ್ ಆರಿಸಿ, ಸೋಫಾ ಹಿಂದೆ ಬಗ್ಗಿ ಕೂತೆ. ಬಾಯಲ್ಲಿ ಚಕ್ಕುಲಿ. ಅಗಿದರೆ ಸದ್ದಾಗುತ್ತದೆ ಅಂತ ಹಾಗೇ ನೆನೆಯಲು ಬಿಟ್ಟೆ. ಹೆಜ್ಜೆ ದೂರವಾದ ಮೇಲೆ ಬಾಗಿಲು ತೆಗೆದರೆ ಒಂದು ಚೀಲ ನಿಂಬೆಹಣ್ಣು. ಪಕ್ಕದ ಮನೆಯ ಅಜ್ಜಿ ಇಟ್ಟು ಹೋಗಿದ್ದು, ಅವರ ಹಿತ್ತಿಲಿನದು. ಒಬ್ಬರೇ ಇರುವುದು.

ರಾತ್ರಿ ಹನ್ನೊಂದಕ್ಕೆ ನಿಮ್ಮಮ್ಮನನ್ನು ಎಬ್ಬಿಸಿ ಚಿತ್ರಾನ್ನ ತಿಂದವನು ನಾನೇನಾ? ಊರನ್ನು ಬೈಯೋಣವೆಂದರೆ ಅದು ಗೇಟು ಕೂಡ ಇಟ್ಟಿಲ್ಲ. ಇನ್ನೂ ಒಂದಿದೆ. ಬೆಲ್ ನಿಂತಾಗ ಹಾಯೆನಿಸಿತು ಸೀನ. ಬರೆಯಬಾರದಿತ್ತು, ಬರೆದೆ.

ಹೋಗಲಿ ಬಿಡು. ಆ ನಿಂಬೆಯದ್ದೇ ಚಿತ್ರಾನ್ನ ಮಾಡಿದ್ದೇನೆ. ಒಂದು ಡಬ್ಬಿ ಅಜ್ಜಿಗೆ. ಆದರೆ ನಡುವಿನ ಮರದಲ್ಲಿ ಮ್ಯಾಗ್‌ಪೈ ಹಕ್ಕಿ ಗೂಡು ಕಟ್ಟಿದೆ. ಸೆಪ್ಟೆಂಬರಿನಲ್ಲಿ ಅದು ನೇರ ತಲೆಗೇ ಎರಗುತ್ತದೆ. ಹಾಗಾಗಿ ಇಲ್ಲಿಯ ಸೈಕಲ್‌ನವರ ಹಾಗೆ ಹೆಲ್ಮೆಟ್ ತುಂಬ ಕೇಬಲ್ ಟೈ ಸಿಕ್ಕಿಸಿಕೊಂಡು, ಮುಳ್ಳುಹಂದಿಯಾಗಿ, ಡಬ್ಬಿ ಹಿಡಿದು ಹೊರಟಿದ್ದೇನೆ. ಮೆಸೇಜ್ ಮಾಡಿಲ್ಲ. ಅಜ್ಜಿ ಲೈಟ್ ಆರಿಸದಿದ್ದರೆ ಸಾಕು.

ನಿನ್ನ,
ಮುಳ್ಳುಹಂದಿ